ದೂರದ ಲೆಕ್ಕ ಬೇಡ, ಎತ್ತುವ ಲೆಕ್ಕ ಇಡಿ

ರಜೆ ಬಂತೆಂದರೆ ದೆಹಲಿ, ಆಗ್ರಾ, ಹರಿದ್ವಾರ ಎಂದು ಹೊರಡುವ ಕನ್ನಡ ಕುಟುಂಬಗಳು ಈಗ ಬಹಳ. ನಮ್ಮ ಕಾಲದಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಎರಡು ರಾತ್ರಿ ಮಲಗಿ ಎದ್ದರೆ ದೆಹಲಿ. ಈಗ ಬೆಂಗಳೂರಿನಲ್ಲಿ ವಿಮಾನ ಹತ್ತಿದರೆ ಮೂರು ಗಂಟೆ ಸಾಕು. ಆದರೆ ಅಜ್ಜ-ಅಜ್ಜಿಯರನ್ನು ಕೇಳಿ ನೋಡಿ. ಅವರಿಗೆ ಸುಸ್ತಾಗುವುದು ಆಕಾಶದಲ್ಲಿ ಹಾರುವ ಸಾವಿರದ ಏಳುನೂರು ಚಿಲ್ಲರೆ ಕಿಲೋಮೀಟರಿನಲ್ಲಿ ಅಲ್ಲ. ವಿಮಾನ ಇಳಿದ ಮೇಲಿನ ಇಪ್ಪತ್ತು ಕಿಲೋಮೀಟರಿನಲ್ಲಿ. ಕೈಯಲ್ಲಿ ಸೂಟ್‌ಕೇಸು, ಹೆಗಲಲ್ಲಿ ಚೀಲ, ಮೊಮ್ಮಗುವಿನ ಕೈ ಬಿಡುವಂತಿಲ್ಲ, ಮಂಡಿ ಮಡಚುವಂತಿಲ್ಲ. ಊರೊಳಗೆ ಹೋಗುವುದು ಹೇಗೆ?

ದೆಹಲಿಯಲ್ಲಿ ಇದಕ್ಕೆ ಒಂದು ಒಳ್ಳೆಯ ಉತ್ತರವಿದೆ: ರೈಲು. ಆದರೆ ಸಾಮಾನು ಹೊತ್ತವರು ರೈಲಿನಲ್ಲಿ ಹೋಗಬೇಕಾದರೆ ಮನೆಯಲ್ಲೇ ಒಂದು ಲೆಕ್ಕ ಹಾಕಿಕೊಳ್ಳಬೇಕು. ಮೂವತ್ತು ವರ್ಷ ಬ್ಯಾಂಕಿನ ಲೆಡ್ಜರಿನ ಮುಂದೆ ಕೂತು ಬಂದವನು ನಾನು. ಲೆಕ್ಕವಿಲ್ಲದೆ ಮಾತಾಡಲು ಬಾರದು. ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಇಡುತ್ತೇನೆ.

ಎಷ್ಟು ಸಲ ಎತ್ತಬೇಕು?

ಪ್ರಯಾಣಕ್ಕೆ ಮೊದಲು ಎಲ್ಲರೂ ಕೇಳುವ ಪ್ರಶ್ನೆ ಎರಡು. ಎಷ್ಟು ದೂರ? ಎಷ್ಟು ದುಡ್ಡು? ನಮ್ಮ ಮನೆಯಲ್ಲಿ ಮೂರನೆಯದೊಂದನ್ನು ಸೇರಿಸಿದ್ದೇವೆ. ಸೂಟ್‌ಕೇಸನ್ನು ಎಷ್ಟು ಸಲ ಎತ್ತಬೇಕು?

ಕಾರಣವಿದೆ. ನಮ್ಮ ಮನೆಯವರಿಗೆ ಮಂಡಿಯ ಶಸ್ತ್ರಚಿಕಿತ್ಸೆ ಆದ ಮೇಲೆ ವೈದ್ಯರು, “ನಡೆಯಿರಿ, ಎಷ್ಟು ಬೇಕಾದರೂ ನಡೆಯಿರಿ. ಭಾರ ಮಾತ್ರ ಎತ್ತಬೇಡಿ” ಎಂದರು. ಅಂದಿನಿಂದ ಆಕೆ ಪ್ರಯಾಣವನ್ನೇ ಬಿಟ್ಟುಬಿಟ್ಟಿದ್ದರು. ಮಕ್ಕಳು ಬಂದು ಕರೆದುಕೊಂಡು ಹೋದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೇರೆಯವರ ರಜೆ ನೋಡಿಕೊಂಡು ನಮ್ಮ ಆಸೆ ಇಟ್ಟುಕೊಳ್ಳುವುದು ಎಂದರೆ ಏನು ಎಂಬುದು ಎಪ್ಪತ್ತು ದಾಟಿದವರಿಗೆ ಗೊತ್ತು. ಆಮೇಲೆ ನನಗೆ ಹೊಳೆಯಿತು. ವೈದ್ಯರು ಬೇಡವೆಂದದ್ದು ಎತ್ತುವುದನ್ನು, ಹೋಗುವುದನ್ನಲ್ಲ.

ಚಕ್ರವಿರುವ ಸೂಟ್‌ಕೇಸು ನೆಲದ ಮೇಲೆ ಉರುಳುವಷ್ಟು ಹೊತ್ತು ನಮಗೆ ಭಾರವೇ ಅಲ್ಲ. ನೆಲ ಬಿಟ್ಟು ಮೇಲೆದ್ದಾಗ ಅದು ಭಾರ. ಆದ್ದರಿಂದ ನೆಲ ಬಿಡುವ ಪ್ರತಿ ಸಲಕ್ಕೂ ‘ಒಂದು’ ಎಂದು ಎಣಿಸಿ.

ಟ್ರಂಕಿನಿಂದ ಚಕ್ರಕ್ಕೆ

ಮಕ್ಕಳೇ, ನಿಮ್ಮ ಅಜ್ಜನನ್ನು ಕೇಳಿ, ಹೋಲ್ಡಾಲ್ ಎಂದರೇನು ಎಂದು. ದಪ್ಪ ಕ್ಯಾನ್ವಾಸಿನ ಹಾಸು, ಅದರೊಳಗೆ ಹಾಸಿಗೆ, ದಿಂಬು, ಹೊದಿಕೆ. ಸುತ್ತಿ ಎರಡು ಬೆಲ್ಟು ಬಿಗಿದರೆ ಪ್ರಯಾಣಕ್ಕೆ ಸಿದ್ಧ. ಜೊತೆಗೆ ಕಬ್ಬಿಣದ ಟ್ರಂಕು, ನೀರಿನ ಕೂಜ, ಬುತ್ತಿಯ ಡಬ್ಬಿ. ಒಂದಕ್ಕೂ ಚಕ್ರವಿರಲಿಲ್ಲ. ಹೊರಲು ನಿಲ್ದಾಣದಲ್ಲಿ ಕೆಂಪು ಅಂಗಿಯ ಕೂಲಿಯವರಿದ್ದರು.

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ. ಅಮೆರಿಕದ ಬರ್ನಾರ್ಡ್ ಸ್ಯಾಡೋ ಎಂಬವರು ಚಕ್ರದ ಸೂಟ್‌ಕೇಸಿಗೆ ಪೇಟೆಂಟ್ ಪಡೆದದ್ದು 1972ರಲ್ಲಿ! ಅದೂ ಪಟ್ಟಿ ಕಟ್ಟಿ ಎಳೆಯುವಂಥದ್ದು. ಇವತ್ತು ನಾವು ಹಿಡಿಕೆ ಎಳೆದು ನಿಲ್ಲಿಸಿ ಓಡಿಸುವ ಮಾದರಿಯನ್ನು 1980ರ ದಶಕದ ಕೊನೆಯಲ್ಲಿ ತಂದವರು ರಾಬರ್ಟ್ ಪ್ಲಾತ್ ಎಂಬ ವಿಮಾನ ಚಾಲಕ. ದಿನವೂ ವಿಮಾನ ನಿಲ್ದಾಣದ ಉದ್ದಕ್ಕೂ ಚೀಲ ಹೊತ್ತು ನಡೆಯುವವರಿಗೇ ಅದರ ಕಷ್ಟ ಗೊತ್ತಿರುತ್ತದೆ, ಅಲ್ಲವೇ?

ವಿಮಾನ ನಿಲ್ದಾಣದ ಬಾಗಿಲಿಗೇ ರೈಲು ತರುವ ಯೋಚನೆ ಚಕ್ರದ ಸೂಟ್‌ಕೇಸಿಗಿಂತ ಹಳೆಯದು. ಲಂಡನ್ ಬಳಿಯ ಗ್ಯಾಟ್‌ವಿಕ್‌ನಲ್ಲಿ 1936ರಲ್ಲೇ ರೈಲು ನಿಲ್ದಾಣದಿಂದ ವಿಮಾನದ ಟರ್ಮಿನಲ್‌ಗೆ ಸುರಂಗದ ದಾರಿ ಮಾಡಿದ್ದರು. ಅದೇ ಲಂಡನ್ನಿನ ಹೀಥ್ರೂಗೆ ಸುರಂಗ ರೈಲು ಬಂದದ್ದು 1977ರಲ್ಲಿ. ದೆಹಲಿಯ ವಿಮಾನ ನಿಲ್ದಾಣದ ರೈಲು, ಅಂದರೆ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೊ, ಓಡಲು ಆರಂಭಿಸಿದ್ದು 2011ರ ಫೆಬ್ರುವರಿ 23ರಂದು. ಮೆಟ್ರೊ ನಕ್ಷೆಯಲ್ಲಿ ಇದು ಕಿತ್ತಳೆ ಬಣ್ಣದ ಗೆರೆ.

ಆರಂಭದಲ್ಲಿ ಇದಕ್ಕೂ ಕಷ್ಟ ಬಂತು. ಸೇತುವೆಯ ತೊಲೆಗಳ ಕೆಳಗಿನ ಬೇರಿಂಗ್‌ಗಳಲ್ಲಿ ದೋಷ ಕಂಡದ್ದರಿಂದ 2012ರ ಜುಲೈನಲ್ಲಿ ಓಡಾಟ ನಿಲ್ಲಿಸಿ, ದುರಸ್ತಿ ಮುಗಿಸಿ 2013ರ ಜನವರಿಯಲ್ಲಿ ಮತ್ತೆ ಶುರು ಮಾಡಿದರು. ಆಗ ವೇಗ ಗಂಟೆಗೆ ಬರೀ 50 ಕಿಲೋಮೀಟರು. ಪರೀಕ್ಷೆ ಮಾಡುತ್ತ ಮಾಡುತ್ತ ಹಂತ ಹಂತವಾಗಿ ಏರಿಸಿ 2023ರಲ್ಲಿ 120ಕ್ಕೆ ತಂದರು. ಎಡವಿದ ಮೇಲೆ ಎದ್ದು, ಒಂದೊಂದೇ ಹೆಜ್ಜೆ ಇಟ್ಟು ವೇಗ ಪಡೆಯುವುದು ಮಂಡಿಯವರಿಗಷ್ಟೇ ಅಲ್ಲ, ರೈಲಿಗೂ ಅನ್ವಯಿಸುತ್ತದೆ.

ಮೊದಲು ಟರ್ಮಿನಲ್ ನೋಡಿ

ದೆಹಲಿಯ ಇಂದಿರಾ ಗಾಂಧಿ ವಿಮಾನ ನಿಲ್ದಾಣಕ್ಕೆ ಮೂರು ಟರ್ಮಿನಲ್‌ಗಳಿವೆ. ನಿಮ್ಮ ವಿಮಾನ ಯಾವುದರಲ್ಲಿ ಇಳಿಯುತ್ತದೆ ಎಂಬುದು ಟಿಕೆಟ್ಟಿನಲ್ಲಿ ಟಿ1, ಟಿ2, ಟಿ3 ಎಂದು ಇರುತ್ತದೆ. ಇದನ್ನು ನೋಡುವ ಕೆಲಸ ಮೊಮ್ಮಕ್ಕಳಿಗೆ ಕೊಡಿ. ಅವರ ಕಣ್ಣು ಚುರುಕು.

ಟಿ3ರಲ್ಲಿ ಇಳಿದರೆ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಅಲ್ಲೇ, ಕಟ್ಟಡದ ಎದುರಿನ ನೆಲಮಾಳಿಗೆಯಲ್ಲಿ. ಟಿ2 ಪಕ್ಕದಲ್ಲೇ ಇರುವುದರಿಂದ ಅಲ್ಲಿಂದಲೂ ನಡೆದು ಬರಬಹುದು. ಟಿ1 ಮಾತ್ರ ಇವೆರಡರಿಂದ ಕೆಲವು ಕಿಲೋಮೀಟರ್ ದೂರ. ಅಲ್ಲಿ ಇಳಿದವರು ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಹುಡುಕುತ್ತ ಅಲೆಯಬೇಕಿಲ್ಲ. ಅಲ್ಲೇ 2018ರಿಂದ ಮೆಜೆಂಟಾ ಮಾರ್ಗದ ನಿಲ್ದಾಣವಿದೆ. ಅದರಲ್ಲಿ ಹೌಜ್ ಖಾಸ್‌ಗೆ ಹೋಗಿ, ಹಳದಿ ಮಾರ್ಗಕ್ಕೆ ಬದಲಾಯಿಸಿದರೆ ನವದೆಹಲಿ ತಲುಪಬಹುದು. ಆದರೆ ಅದು ಎಲ್ಲರೂ ಓಡಾಡುವ ಸಾಮಾನ್ಯ ಮೆಟ್ರೊ. ಸಾಮಾನಿಗೆಂದು ಬೇರೆ ಜಾಗವಿಲ್ಲ, ಕಚೇರಿಯ ಹೊತ್ತಿನಲ್ಲಿ ಕಾಲಿಡಲೂ ಜಾಗವಿಲ್ಲ. ಬೆಳಿಗ್ಗೆ ಒಂಬತ್ತಕ್ಕೋ ಸಂಜೆ ಆರಕ್ಕೋ ದೊಡ್ಡ ಸೂಟ್‌ಕೇಸಿನೊಂದಿಗೆ ಅಲ್ಲಿ ಇಳಿದ ಹಿರಿಯರಿಗೆ ಟ್ಯಾಕ್ಸಿಯೇ ಮೇಲು.

ಟಿ3ರಿಂದ ನವದೆಹಲಿಗೆ ನಾಲ್ಕು ಸಲ

ಈಗ ಎಣಿಸೋಣ. ಸುತ್ತುವ ಬೆಲ್ಟಿನಿಂದ ಸೂಟ್‌ಕೇಸು ಎತ್ತಿ ಟ್ರಾಲಿಗೆ ಇಟ್ಟದ್ದು ಒಂದು. ಟ್ರಾಲಿ ರೈಲಿನೊಳಗೆ ಬರುವುದಿಲ್ಲ. ಅದರಿಂದ ಇಳಿಸಿದ್ದು ಎರಡು. ದೆಹಲಿ ಮೆಟ್ರೊದಲ್ಲಿ ಒಳಗೆ ಹೋಗುವ ಮೊದಲು ಎಲ್ಲ ಸಾಮಾನನ್ನೂ ಎಕ್ಸ್-ರೇ ಯಂತ್ರಕ್ಕೆ ಹಾಕಬೇಕು. ಹಾಕಿದ್ದು ಮೂರು, ಆಚೆ ತುದಿಯಲ್ಲಿ ತೆಗೆದದ್ದು ನಾಲ್ಕು. ಅಲ್ಲಿ ಹೊರಲು ಕೂಲಿಯವರಿಲ್ಲ ಎಂಬುದು ನೆನಪಿರಲಿ.

ಅಲ್ಲಿಂದ ಮುಂದೆ ಸುಖ. ಪ್ಲಾಟ್‌ಫಾರಂ ಮತ್ತು ರೈಲಿನ ನೆಲ ಒಂದೇ ಮಟ್ಟದಲ್ಲಿವೆ. ನಮ್ಮ ಹಳೆಯ ರೈಲುಗಳ ಹಾಗೆ ಮೆಟ್ಟಿಲು ಹತ್ತಬೇಕಿಲ್ಲ, ಸೂಟ್‌ಕೇಸನ್ನು ಹಾಗೆಯೇ ಉರುಳಿಸಿಕೊಂಡು ಹೋಗಬಹುದು. ಸಾಮಾನಿಡಲು ಬೋಗಿಯಲ್ಲೇ ಅಟ್ಟಣೆ ಮಾಡಿದ್ದಾರೆ. ಎತ್ತಲಾಗದವರು ಸೂಟ್‌ಕೇಸನ್ನು ಕಾಲ ಬಳಿ ಅಡ್ಡ ಮಲಗಿಸಿ ಕೂತುಕೊಳ್ಳಿ. ಚಕ್ರದ ಮೇಲೆ ನಿಲ್ಲಿಸಿದರೆ ರೈಲು ಬ್ರೇಕ್ ಹಾಕಿದಾಗ ಅದು ತಾನೇ ಊರು ನೋಡಲು ಹೊರಡುತ್ತದೆ.

ಮಕ್ಕಳೇ, ನಿಲ್ದಾಣಗಳನ್ನು ಬಾಯಿಪಾಠ ಮಾಡಿಕೊಳ್ಳಿ. ವಿಮಾನ ನಿಲ್ದಾಣ ಬಿಟ್ಟ ಮೇಲೆ ಏರೋಸಿಟಿ, ಧೌಲಾ ಕುವಾಂ, ಶಿವಾಜಿ ಸ್ಟೇಡಿಯಂ, ಕೊನೆಗೆ ನವದೆಹಲಿ. ನಡುವೆ ಮೂರೇ ನಿಲ್ದಾಣ. ಧೌಲಾ ಕುವಾಂ ಬಳಿ ಮಾತ್ರ ರೈಲು ನೆಲದಿಂದ ಮೇಲೆದ್ದು ಬೆಳಕಿಗೆ ಬರುತ್ತದೆ. ಕಿಟಕಿಯ ಪಕ್ಕ ಕೂತವರಿಗೆ ಊರು ಕಾಣುವುದು ಆಗಲೇ. ನವದೆಹಲಿ ತಲುಪಲು ಸುಮಾರು ಇಪ್ಪತ್ತು ನಿಮಿಷ. ಮೇಲೆ ರಸ್ತೆಯಲ್ಲಿ ವಾಹನಗಳು ಎಷ್ಟೇ ಸಿಕ್ಕಿಕೊಂಡಿರಲಿ, ಈ ಇಪ್ಪತ್ತು ನಿಮಿಷ ಇಪ್ಪತ್ತು ನಿಮಿಷವೇ. ಬೆಳಗಿನ ಜಾವ ಐದರ ಸುಮಾರಿಗೆ ಆರಂಭವಾಗುವ ಈ ರೈಲುಗಳು ರಾತ್ರಿ ಹನ್ನೊಂದರ ಮೇಲೆ ನಿಂತುಹೋಗುತ್ತವೆ. ನಡುರಾತ್ರಿಯ ವಿಮಾನದವರು ರೈಲನ್ನು ನಂಬಿಕೊಳ್ಳುವಂತಿಲ್ಲ.

ಇಳಿದ ಮೇಲೆ ಎಲ್ಲಿಗೆ?

ಲೆಕ್ಕ ಏರುವುದು ಇಲ್ಲೇ. ಏರ್‌ಪೋರ್ಟ್ ಎಕ್ಸ್‌ಪ್ರೆಸ್‌ನ ಕೊನೆಯ ನಿಲ್ದಾಣ ಇರುವುದು ನವದೆಹಲಿ ರೈಲು ನಿಲ್ದಾಣದ ಅಜ್ಮೇರಿ ಗೇಟ್ ಕಡೆ. ರೈಲು ನಿಲ್ದಾಣದ 16ನೇ ಪ್ಲಾಟ್‌ಫಾರಂ ಈ ಕಡೆ. 1ನೇ ಪ್ಲಾಟ್‌ಫಾರಂ ಪಹಾಡ್‌ಗಂಜ್ ಕಡೆ, ಆ ತುದಿಯಲ್ಲಿ. ಮುಂದಿನ ರೈಲು 1ರಿಂದ ಹೊರಡುವುದಾದರೆ ಅಷ್ಟೂ ಹಳಿಗಳನ್ನು ಮೇಲ್ಸೇತುವೆಯಲ್ಲಿ ದಾಟಬೇಕು. ಇಲ್ಲಿಯೂ ಎಕ್ಸ್-ರೇ ಯಂತ್ರ: ಎರಡು ಸಲ. ಬೋಗಿಯ ಮೆಟ್ಟಿಲು: ಒಂದು. ಸೀಟಿನ ಕೆಳಗೋ ಮೇಲಕ್ಕೋ ಸೇರಿಸುವುದು: ಇನ್ನೊಂದು. ನಾಲ್ಕಿದ್ದ ಲೆಕ್ಕ ಎಂಟಾಯಿತು. ಇಲ್ಲಿ ಕೂಲಿಯವರು ಸಿಗುತ್ತಾರೆ. ಅವರಿಗೆ ಈಗ ‘ಸಹಾಯಕ’ ಎಂದು ಹೆಸರು. ಹಿರಿಯರು ಇಲ್ಲಿ ಜಿಪುಣತನ ಮಾಡಬಾರದು. ದರ ಮೊದಲೇ ಮಾತಾಡಿಕೊಳ್ಳಿ, ಅಷ್ಟೇ.

ಇನ್ನೊಂದು ಎಚ್ಚರ. ‘ದೆಹಲಿಯಿಂದ ರೈಲು’ ಎಂದ ಮಾತ್ರಕ್ಕೆ ಅದು ನವದೆಹಲಿಯಿಂದಲೇ ಹೊರಡಬೇಕೆಂದಿಲ್ಲ. ಹಳೆ ದೆಹಲಿ, ಹಜ್ರತ್ ನಿಜಾಮುದ್ದೀನ್, ಆನಂದ್ ವಿಹಾರ್ ಎಂದು ಬೇರೆ ಬೇರೆ ದೊಡ್ಡ ನಿಲ್ದಾಣಗಳಿವೆ. ಹಳೆ ದೆಹಲಿಗಾದರೆ ನವದೆಹಲಿಯಿಂದ ಹಳದಿ ಮಾರ್ಗದಲ್ಲಿ ಚಾಂದನಿ ಚೌಕಕ್ಕೆ. ನಿಜಾಮುದ್ದೀನ್ ಅಥವಾ ಆನಂದ್ ವಿಹಾರಕ್ಕಾದರೆ ಧೌಲಾ ಕುವಾಂನಲ್ಲೇ ಇಳಿದು ಗುಲಾಬಿ ಮಾರ್ಗ ಹಿಡಿಯಬಹುದು. ಆದರೆ ಅಲ್ಲಿ ಎರಡು ಮಾರ್ಗಗಳ ನಿಲ್ದಾಣಗಳ ನಡುವೆ ಒಂದು ಕಿಲೋಮೀಟರಿಗೂ ಉದ್ದವಾದ ಮೇಲ್ದಾರಿ ಇದೆ. ಅಲ್ಲಲ್ಲಿ ನಮ್ಮನ್ನು ತಾನೇ ಮುಂದೆ ಸಾಗಿಸುವ ಚಲಿಸುವ ಪಟ್ಟಿಗಳಿವೆ ನಿಜ. ಮಕ್ಕಳಿಗೆ ಅದು ಆಟ. ಅಜ್ಜಿಗೆ ಸಾಮಾನಿನೊಂದಿಗೆ ಅದು ಪರೀಕ್ಷೆ. ಮತ್ತೊಮ್ಮೆ ತಪಾಸಣೆ ಎಂದರೆ ಮತ್ತೆರಡು ಎತ್ತು.

ಚಾಣಕ್ಯಪುರಿಯ ಕರ್ನಾಟಕ ಭವನದಲ್ಲೋ ಮೋತಿಬಾಗ್‌ನ ದೆಹಲಿ ಕರ್ನಾಟಕ ಸಂಘದ ಕಡೆಯೋ ಇಳಿದುಕೊಳ್ಳುವ ಕನ್ನಡಿಗರು ನವದೆಹಲಿಯವರೆಗೆ ಹೋಗಿ ವಾಪಸು ಬರಬೇಕಿಲ್ಲ. ಧೌಲಾ ಕುವಾಂನಲ್ಲಿ ಇಳಿದು ಆಟೊ ಹಿಡಿದರೆ ಹತ್ತಿರ.

ಕೈ ಇದ್ದಷ್ಟು ಗಂಟು ಕಟ್ಟು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಹಿರಿಯರ ಮಾತು. ಪ್ರಯಾಣಕ್ಕೆ ನಾನು ಅದನ್ನು ಸ್ವಲ್ಪ ತಿರುಗಿಸಿದ್ದೇನೆ: ಕೈ ಇದ್ದಷ್ಟು ಗಂಟು ಕಟ್ಟು. ಯಾರ ಚೀಲವನ್ನು ಅವರು ಹೊರಲಾಗದಿದ್ದರೆ ಆ ಚೀಲ ಹೊರಡಬಾರದು.

ಸಾಲಕ್ಕೆ ಬಡ್ಡಿ ಇರುವ ಹಾಗೆ ಸಾಮಾನಿಗೂ ಇದೆ. ಹುರಿಗಾಳು, ಚಕ್ಕುಲಿ, ಉಪ್ಪಿನಕಾಯಿ ಎಂದು ಹೊರಡುವ ದಿನ 3 ಕೆ.ಜಿ. ಸೇರಿಸುತ್ತೀರಿ ಎಂದಿಟ್ಟುಕೊಳ್ಳಿ. ಎಂಟು ಸಲ ಎತ್ತಿದರೆ ನಿಮ್ಮ ಸೊಂಟ ಎತ್ತಿದ್ದು 24 ಕೆ.ಜಿ. ಬರುವಾಗ ಮತ್ತೆ ಎಂಟು ಸಲ. ಚಕ್ಕುಲಿ ಖಾಲಿಯಾದರೂ ಅದರ ಜಾಗಕ್ಕೆ ಶಾಲು, ಸ್ವೆಟರು, ಗಂಗಾಜಲ ಬಂದು ಕೂತಿರುತ್ತವೆ.

ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕೆ.ಜಿ. ಒಪ್ಪಿಸುವ ಸಾಮಾನು, 7 ಕೆ.ಜಿ. ಕೈಚೀಲ. ದೆಹಲಿ ಮೆಟ್ರೊದಲ್ಲಿ ಚೀಲದ ಮಿತಿ 25 ಕೆ.ಜಿ. ಅಂದರೆ ವಿಮಾನದ ನಿಯಮ ಪಾಲಿಸಿದವರು ಮೆಟ್ರೊದ ತೂಕದ ಮಿತಿಗೂ ಸಾಮಾನ್ಯವಾಗಿ ಒಳಗೇ ಇರುತ್ತಾರೆ. ಆದರೆ ನಿಯಮ ಒಪ್ಪುವ ತೂಕ ಬೇರೆ, ಮಂಡಿ ಒಪ್ಪುವ ತೂಕ ಬೇರೆ. ಇಬ್ಬರ ಸಾಮಾನನ್ನು ಒಂದೇ ದೊಡ್ಡ ಸೂಟ್‌ಕೇಸಿಗೆ ತುರುಕುವ ಬದಲು ಎರಡು ಸಣ್ಣದು ಮಾಡಿ. ಒಟ್ಟು ತೂಕ ಅಷ್ಟೇ ಇದ್ದರೂ ಒಂದು ಸಲಕ್ಕೆ ಎತ್ತುವುದು ಅರ್ಧ.

ಎಸ್ಕಲೇಟರಿನ ಆಸೆ ಬೇಡ. ಸೂಟ್‌ಕೇಸು ಕೈತಪ್ಪಿದರೆ ಅದು ಕೆಳಗೆ ನಿಂತವರ ಮೇಲೆ ಬೀಳುತ್ತದೆ. ಅದನ್ನು ಹಿಡಿಯಲು ಹೋಗಿ ಅಜ್ಜ ಬೀಳುತ್ತಾರೆ. ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇದೆ. ಎರಡು ನಿಮಿಷ ಕಾದು ಅದರಲ್ಲೇ ಹೋಗಿ. ವಿಮಾನದಲ್ಲಿ ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಕೇಳಿಟ್ಟುಕೊಳ್ಳಿ. ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ. ಮೆಟ್ರೊ ನಿಲ್ದಾಣದಲ್ಲೂ ಸಿಬ್ಬಂದಿಯನ್ನು ಕೇಳಿದರೆ ಗಾಲಿಕುರ್ಚಿ ಒದಗಿಸುತ್ತಾರೆ.

ವಾಪಸು ಬರುವಾಗ ಒಂದು ಸೌಲಭ್ಯವಿದೆ. ಏರ್‌ಪೋರ್ಟ್ ಎಕ್ಸ್‌ಪ್ರೆಸ್‌ನ ನವದೆಹಲಿ ಮತ್ತು ಶಿವಾಜಿ ಸ್ಟೇಡಿಯಂ ನಿಲ್ದಾಣಗಳಲ್ಲಿ ಕೆಲವು ವಿಮಾನ ಕಂಪನಿಗಳು ಊರೊಳಗೇ ಚೆಕ್-ಇನ್ ಮಾಡಿಕೊಳ್ಳುತ್ತವೆ. ಸಾಮಾನನ್ನು ಅಲ್ಲೇ ಒಪ್ಪಿಸಿ ಕೈಬೀಸಿಕೊಂಡು ರೈಲು ಹತ್ತಬಹುದು. ಅದು ನಿಮ್ಮ ಮನೆ ಮುಟ್ಟುವ ಊರಿನಲ್ಲೇ ಕೈಗೆ ಸಿಗುತ್ತದೆ. ನಿಮ್ಮ ವಿಮಾನಕ್ಕೆ ಈ ಸೌಲಭ್ಯ ಇದೆಯೇ, ಎಷ್ಟು ಗಂಟೆ ಮುಂಚೆ ಹೋಗಬೇಕು ಎಂದು ವಿಚಾರಿಸಿಕೊಂಡೇ ಹೊರಡಿ.

ಟ್ಯಾಕ್ಸಿಯ ಲೆಕ್ಕವನ್ನೂ ನೋಡೋಣ

ಬ್ಯಾಂಕಿನವನು ಒಂದೇ ಕಡೆಯ ಲೆಕ್ಕ ಬರೆಯಬಾರದು. ಟ್ಯಾಕ್ಸಿಯಲ್ಲಿ ಎತ್ತುವುದು ಮೂರೇ ಸಲ: ಬೆಲ್ಟಿನಿಂದ ಟ್ರಾಲಿಗೆ, ಟ್ರಾಲಿಯಿಂದ ಡಿಕ್ಕಿಗೆ, ಡಿಕ್ಕಿಯಿಂದ ನೆಲಕ್ಕೆ. ಕೊನೆಯ ಎರಡಕ್ಕೆ ಚಾಲಕರ ಕೈಯೂ ಸೇರುತ್ತದೆ. ಒಬ್ಬರೋ ಇಬ್ಬರೋ ಹೋಗುವಾಗ ರೈಲು ಬಹಳ ಅಗ್ಗ. ಐದು ಜನ ಹೊರಟರೆ ಐದು ಟಿಕೆಟ್, ಉಳಿತಾಯ ಅಷ್ಟಿಷ್ಟಾಗುತ್ತದೆ. ಆಗ ರೈಲನ್ನು ಆರಿಸಬೇಕಾದದ್ದು ದುಡ್ಡಿಗಲ್ಲ, ಸಮಯದ ಖಾತ್ರಿಗೆ. ಸಂಜೆ ಬೇರೆ ರೈಲು ಹಿಡಿಯುವುದಿದ್ದರೆ ಆ ಖಾತ್ರಿಗೆ ಬೆಲೆ ಕಟ್ಟಲಾಗದು. ರಾತ್ರಿ ತಡವಾದರೆ, ಸಾಮಾನು ಹೆಚ್ಚಿದ್ದರೆ, ಮಾರ್ಗ ಎರಡು ಸಲ ಬದಲಿಸಬೇಕಿದ್ದರೆ ಟ್ಯಾಕ್ಸಿಯೇ ಸರಿ.

ನಾವು ಮೊಮ್ಮಕ್ಕಳಿಬ್ಬರೊಂದಿಗೆ ಹೋದದ್ದು ಹೀಗೆ ಲೆಕ್ಕ ಬರೆದುಕೊಂಡೇ. ಎತ್ತುವ ನಾಲ್ಕು ಸಲವನ್ನೂ ನಾನೂ ಹೈಸ್ಕೂಲಿನ ಮೊಮ್ಮಗನೂ ಹಂಚಿಕೊಂಡೆವು. ನಮ್ಮ ಮನೆಯವರು ನೀರಿನ ಬಾಟಲಿ ಇದ್ದ ಕೈಚೀಲ ಬಿಟ್ಟು ಏನನ್ನೂ ಎತ್ತಲಿಲ್ಲ. ನವದೆಹಲಿಯಲ್ಲಿ ಲಿಫ್ಟಿನಿಂದ ಹೊರಬಂದು ರಸ್ತೆ ನೋಡಿದವರೇ, “ಇಷ್ಟೇನಾ? ಇದಕ್ಕಾ ನಾನು ಮೂರು ವರ್ಷ ಮನೇಲಿ ಕೂತಿದ್ದು?” ಎಂದರು.

ನಮ್ಮ ಬೆಂಗಳೂರಿನಲ್ಲಿ

ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೂ 2021ರಿಂದ ಒಂದು ಪುಟ್ಟ ರೈಲು ನಿಲುಗಡೆ ಇದೆ. ಯಲಹಂಕ–ಚಿಕ್ಕಬಳ್ಳಾಪುರ ಹಳಿಯ ಮೇಲೆ ಇರುವ ಈ ನಿಲುಗಡೆಯಿಂದ ಟರ್ಮಿನಲ್‌ಗೆ ಬಸ್ಸಿನಲ್ಲಿ ಹೋಗಬೇಕು. ರೈಲುಗಳು ಕಡಿಮೆ; ವೇಳೆ ಹೊಂದಿದವರಿಗೆ ಮಾತ್ರ ಲಾಭ. ಸಾಮಾನಿರುವ ಹೆಚ್ಚಿನವರಿಗೆ ಈಗಲೂ ವಾಯುವಜ್ರ ಬಸ್ಸು, ಮೈಸೂರಿನ ಕಡೆಯವರಿಗೆ ಫ್ಲೈಬಸ್ಸೇ ಆಧಾರ.

ನಮ್ಮ ಮೆಟ್ರೊದ ನೀಲಿ ಮಾರ್ಗ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಮೂಲಕ ವಿಮಾನ ನಿಲ್ದಾಣಕ್ಕೆ ಬರುವಂತೆ ಕಾಮಗಾರಿ ನಡೆದಿದೆ. ಅದು ಬಂದ ದಿನ ಎಲ್ಲರೂ ‘ಎಷ್ಟು ನಿಮಿಷ’ ಎಂದು ಕೇಳುತ್ತಾರೆ. ನಾವು ಹಿರಿಯರು ‘ಎಷ್ಟು ಸಲ ಎತ್ತಬೇಕು’ ಎಂದು ಕೇಳೋಣ. ಲಿಫ್ಟ್ ಎಲ್ಲಿದೆ, ಸಾಮಾನಿಗೆ ಜಾಗ ಇದೆಯೇ, ತಪಾಸಣೆಯ ಯಂತ್ರದ ಬಳಿ ಕೈಹಿಡಿಯುವವರಿದ್ದಾರೆಯೇ? ಕೇಳಿದರೆ ತಾನೇ ಮಾಡುವವರಿಗೆ ಗೊತ್ತಾಗುವುದು.

ಮೊಮ್ಮಕ್ಕಳಿಗೆ ನಾಲ್ಕು ಕೆಲಸ

ಒಂದು: ಹೊರಡುವ ಮೊದಲು ನಿಮ್ಮ ತಮ್ಮನನ್ನೋ ತಂಗಿಯನ್ನೋ ಗೋಡೆಗೆ ನಿಲ್ಲಿಸಿ ಅಳೆಯಿರಿ. ದೆಹಲಿ ಮೆಟ್ರೊದಲ್ಲಿ ದೊಡ್ಡವರ ಜೊತೆ ಬರುವ 90 ಸೆಂಟಿಮೀಟರಿಗಿಂತ ಗಿಡ್ಡ ಮಕ್ಕಳಿಗೆ ಟಿಕೆಟ್ ಬೇಡ.

ಎರಡು: ಚೀಲಗಳನ್ನು ಎಣಿಸಿ, ಸಂಖ್ಯೆ ನೆನಪಿಟ್ಟುಕೊಳ್ಳಿ. ಸಂಜೆ ಕ್ಯಾಶ್ ತಾಳೆಯಾಗದೆ ನಾವು ಬ್ಯಾಂಕಿನಿಂದ ಮನೆಗೆ ಹೋಗುತ್ತಿರಲಿಲ್ಲ. ಹಾಗೆಯೇ ಚೀಲ ತಾಳೆಯಾಗದೆ ರೈಲು ಇಳಿಯಬೇಡಿ, ಯಂತ್ರದ ಬಳಿಯಿಂದ ಕದಲಬೇಡಿ.

ಮೂರು: ಬಾಗಿಲು ಮುಚ್ಚುವ ಸದ್ದು ಬಂದ ಮೇಲೆ ಒಳಗೆ ನುಗ್ಗಬೇಡಿ. ಅಕಸ್ಮಾತ್ ಒಬ್ಬರು ಒಳಗೆ, ಒಬ್ಬರು ಹೊರಗೆ ಆದರೆ ಹೆದರಬೇಡಿ. ಒಳಗಿರುವವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲಬೇಕು. ಹೊರಗಿರುವವರು ಮುಂದಿನ ರೈಲಿನಲ್ಲಿ ಅಲ್ಲಿಗೆ ಬರಬೇಕು. ಇದನ್ನು ಮನೆಯಲ್ಲೇ ಮಾತಾಡಿಕೊಂಡಿರಬೇಕು. ಇಲ್ಲದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ ಎಂದಾಗುತ್ತದೆ.

ನಾಲ್ಕು: ಒಂದು ಹಾಳೆಯಲ್ಲಿ ನಿಮ್ಮ ಮನೆಯ ಬಾಗಿಲಿನಿಂದ ಹೋಗುವ ಊರಿನ ಕೋಣೆಯವರೆಗೆ ಸೂಟ್‌ಕೇಸನ್ನು ಎಲ್ಲೆಲ್ಲಿ ಎತ್ತಬೇಕು ಎಂದು ಬರೆಯಿರಿ. ಪ್ರತಿಯೊಂದರ ಮುಂದೆ ಯಾರು ಎತ್ತುತ್ತಾರೆ ಎಂದು ಹೆಸರು ಹಾಕಿ. ಅಜ್ಜಿಯ ಹೆಸರು ಎಲ್ಲಿಯೂ ಬರದಿದ್ದರೆ ನಿಮ್ಮ ಲೆಕ್ಕ ಸರಿ. ಟಿಕೆಟ್ ಮಾಡಿಸಲು ಹೇಳಿ.